ಹುಡುಕಾಟಕ್ಕೂ ಒಂದು ಚರಿತ್ರೆ

ಶಾಸನ, ಕಡತ, ಪತ್ರಗಳನ್ನು ಚರಿತ್ರೆಯ ಆಕರಗಳೆಂದು ನಾವು ಒಪ್ಪಿಕೊಂಡಿದ್ದೇವೆ. ಜನರು ಸರ್ಚ್ ಇಂಜಿನ್‌ಗಳಲ್ಲಿ ಏನು ಹುಡುಕಿದರು ಎಂಬುದನ್ನೂ ಈಗ ಆ ಸಾಲಿಗೆ ಸೇರಿಸಬೇಕಾಗಿದೆ.

1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್ಟೇಜ್ ರೂಪಿಸಿದ 'ಆರ್ಚಿ' ಕಡತಗಳ ಹೆಸರನ್ನಷ್ಟೇ ಹುಡುಕುತ್ತಿತ್ತು. ಹೆಸರು ಗೊತ್ತಿಲ್ಲದವನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಎರಡು ಮೂರು ಪದ ಒತ್ತಿದರೆ ಸಾಕು ಎಂಬಂತಾಯಿತು. 'ಎಕ್ಸೈಟ್' ಎಂಬ ಸರ್ಚ್ ಇಂಜಿನ್‌ನ ದಾಖಲೆಗಳನ್ನು ಅಮಾಂಡಾ ಸ್ಪಿಂಕ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, 1997ರಲ್ಲಿ ಶೇ. 16.8ರಷ್ಟು ಹುಡುಕಾಟಗಳು ಲೈಂಗಿಕ ವಿಷಯದವಾಗಿದ್ದವು. 2001ಕ್ಕೆ ಅದು ಶೇ. 8.5ಕ್ಕೆ ಇಳಿಯಿತು. ವ್ಯಾಪಾರ, ಪ್ರಯಾಣ, ಉದ್ಯೋಗಗಳ ಪಾಲು ಶೇ. 13.3ರಿಂದ ಶೇ. 24.7ಕ್ಕೇರಿತು. ಜನರೆಲ್ಲ ದಿಢೀರನೆ ಸಜ್ಜನರಾದರೆಂದು ಇದರರ್ಥವಲ್ಲ. ಮನೆವಾರ್ತೆಯ ಕೆಲಸಗಳೂ ಅಂತರ್ಜಾಲಕ್ಕೆ ಬಂದವು, ಅಷ್ಟೆ.

ಅದೇ ವರ್ಷದ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದಾಗ ಜನರು ಗೂಗಲ್‌ಗೆ ಮುಗಿಬಿದ್ದರು. ಅದರ ಬಳಿ ಇದ್ದದ್ದು ಹಳೆಯ ಪುಟಗಳ ಸಂಗ್ರಹ. ಸುದ್ದಿಗಾಗಿ ಟಿ.ವಿ., ರೇಡಿಯೋ ಗಮನಿಸಿ ಎಂದು ಗೂಗಲ್ ತನ್ನ ಮುಖಪುಟದಲ್ಲಿಯೇ ಬರೆಯಬೇಕಾಯಿತು! ಈ ಕೊರತೆ ಕಂಡು ಅಲ್ಲಿದ್ದ ಬೆಂಗಳೂರಿನ ಕೃಷ್ಣ ಭರತ್ ಪತ್ರಿಕೆಗಳ ಸುದ್ದಿಯನ್ನು ಒಂದೆಡೆ ತರುವ ಕೆಲಸ ಆರಂಭಿಸಿದರು. 2002ರಲ್ಲಿ 'ಗೂಗಲ್ ನ್ಯೂಸ್' ಬಂತು. ಆದರೆ ಭಯಗೊಂಡ ಮನುಷ್ಯನಿಗೆ ಸುದ್ದಿಯೊಂದೇ ಸಾಲದು. 2001ರಲ್ಲಿ ಗೂಗಲ್‌ನಲ್ಲಿ ಅತಿ ಹೆಚ್ಚು ಏರಿಕೆ ಕಂಡ ಹುಡುಕಾಟ ಯಾವುದು ಗೊತ್ತೇ? ಹದಿನಾರನೇ ಶತಮಾನದ ಫ್ರೆಂಚ್ ಜ್ಯೋತಿಷಿ ನಾಸ್ಟ್ರಡಾಮಸ್. ಬಿನ್ ಲಾದೆನ್ ಹೆಸರು ಅವನ ಕೆಳಗಿತ್ತು.

ಕಾಲಕ್ರಮೇಣ ಇನ್ನೊಬ್ಬರ ಮುಂದೆ ಆಡಲಾಗದ್ದನ್ನೂ ಜನರು ಆ ಪೆಟ್ಟಿಗೆಯಲ್ಲಿ ಬರೆಯತೊಡಗಿದರು. 2015ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮುಸ್ಲಿಮ್ ದಂಪತಿಗಳು 14 ಮಂದಿಯನ್ನು ಗುಂಡಿಕ್ಕಿ ಕೊಂದರು. ಆ ಬಳಿಕ ಅಲ್ಲಿ 'ಮುಸ್ಲಿಮರು' ಎಂಬ ಪದವಿದ್ದ ಹುಡುಕಾಟಗಳಲ್ಲಿ ಮೊದಲ ಸ್ಥಾನ ಪಡೆದದ್ದು 'ಮುಸ್ಲಿಮರನ್ನು ಕೊಲ್ಲಿ' ಎಂಬುದು ಎಂದು ಸೇಥ್ ಸ್ಟೀಫನ್ಸ್-ಡೇವಿಡೋವಿಟ್ಸ್ ತೋರಿಸಿದ್ದಾರೆ. ನೆರೆಮನೆಯವನೊಡನೆ ಬಹುಶಃ ನಗುನಗುತ್ತಲೇ ಮಾತಾಡಿದ್ದವರು ಬರೆದದ್ದಿದು.

ನಾಲ್ಕು ದಿನಗಳ ಬಳಿಕ ಅಧ್ಯಕ್ಷ ಒಬಾಮಾ ದೇಶವನ್ನುದ್ದೇಶಿಸಿ ಮಾತಾಡಿದರು. ತಾರತಮ್ಯ ಮಾಡಬೇಡಿ ಎಂದು ಅವರು ಬುದ್ಧಿ ಹೇಳುವಾಗ ದ್ವೇಷದ ಹುಡುಕಾಟಗಳು ಇಳಿಯಲಿಲ್ಲ, ಏರಿದವು. ಮುಸ್ಲಿಮರು ನಮ್ಮ ಕ್ರೀಡಾ ತಾರೆಯರು, ನಮ್ಮ ಸೈನಿಕರು ಎಂದಾಗ ಮಾತ್ರ ಬೇರೆಯೇ ಆಯಿತು. ವರ್ಷಕ್ಕೂ ಹೆಚ್ಚು ಕಾಲದಿಂದ ಅಮೆರಿಕದಲ್ಲಿ 'ಮುಸ್ಲಿಮ್' ಎಂಬುದರ ಮುಂದೆ 'ಭಯೋತ್ಪಾದಕರು', 'ಉಗ್ರವಾದಿಗಳು', 'ನಿರಾಶ್ರಿತರು' ಎಂಬ ಪದಗಳೇ ಮೊದಲು ಬರುತ್ತಿದ್ದವು. ಆ ಸಂಜೆ ಮೊದಲು ಬಂದದ್ದು 'ಕ್ರೀಡಾಪಟುಗಳು', ನಂತರ, 'ಸೈನಿಕರು'.