ಬೆಳ್ಗೊಳದ ಬೀದಿಯ ಅಳತೆ

ಶ್ರವಣಬೆಳಗೊಳಕ್ಕೆ ಬರುವವರೆಲ್ಲರೂ ಕತ್ತೆತ್ತಿಕೊಂಡೇ ಬರುತ್ತಾರೆ. ಚನ್ನರಾಯಪಟ್ಟಣದ ದಾರಿಯ ತೆಂಗಿನ ತೋಟಗಳ ನಡುವೆ ಎಲ್ಲಿಯೋ ಒಂದು ತಿರುವಿನಲ್ಲಿ ದೊಡ್ಡಬೆಟ್ಟದ ನೆತ್ತಿಯ ಮೇಲೆ ಗೊಮ್ಮಟಸ್ವಾಮಿಯ ಶಿರೋಭಾಗವು ಗೋಚರವಾದ ಕ್ಷಣದಿಂದ, ಸಂಜೆ ಊರನ್ನು ಬಿಟ್ಟು ಹೊರಡುವವರೆಗೆ, ಯಾತ್ರಿಕನ ದೃಷ್ಟಿಯು ಆ ಎತ್ತರದಿಂದ ಕೆಳಕ್ಕಿಳಿಯುವುದೇ ಅಪರೂಪ. ನಾನೂ ಹಾಗೆಯೇ ಹತ್ತಾರು ಸಲ ಹೋಗಿ ಬಂದವನು. ಬೆಟ್ಟದ ಬುಡದ ಬೀದಿಯನ್ನು ಚಪ್ಪಲಿ ಬಿಡುವ ಸ್ಥಳವೆಂದಷ್ಟೇ ಅರಿತಿದ್ದವನನ್ನು ಆ ಬೀದಿಯಲ್ಲಿಯೇ ಒಂದು ದಿನ ಪೂರ್ತಿಯಾಗಿ ನಡೆಯುವಂತೆ ಮಾಡಿದ್ದು, ಆಶ್ಚರ್ಯವೆಂದರೆ, ಪೋಲೆಂಡಿನಿಂದ ಬಂದ ಒಂದು ಕಾಗದ.

ಅಲ್ಲಿಯ ಕ್ರಾಕೋವ್ ನಗರದಲ್ಲಿ ನೆಲೆಸಿರುವ ನಮ್ಮ ಬಂಧುವೊಬ್ಬರು ಡಿಸೆಂಬರಿನ ಹಿಮದಲ್ಲಿ ಕ್ರಿಸ್ಮಸ್ ಸಂತೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದ ವೃತ್ತಾಂತವನ್ನು ಬರೆದಿದ್ದರು. 1257ರಲ್ಲಿ ನಗರಕ್ಕೆ ಶಾಸನಬದ್ಧವಾದ ಹಕ್ಕುಗಳು ದೊರೆತಾಗ ಅಳೆದು ಗೆರೆಯೆಳೆದ, ಒಂದೊಂದು ಬದಿಯೂ ಸುಮಾರು 200 ಮೀಟರಿನಷ್ಟಿರುವ ಚೌಕ. ಅದರ ನಡುವೆ ಬಟ್ಟೆ ವರ್ತಕರ ದೀರ್ಘವಾದ ಮಂಟಪ. ಒಂದು ಮೂಲೆಯಲ್ಲಿ ಮೇರಿಮಾತೆಯ ಚರ್ಚು. ಇವುಗಳ ನೆರಳಿನಲ್ಲಿ ಮರದ ಅಂಗಡಿಗಳು, ಕೆಂಡದ ಮೇಲೆ ಬಿಸಿಮಾಡಿ ಕೊಡುವ ಕುರಿಹಾಲಿನ ಚೀಸು, ಪಿಯೆರೋಗಿ ಎಂಬ ಕಡುಬು, ಮಸಾಲೆ ಹಾಕಿ ಕಾಯಿಸಿದ ದ್ರಾಕ್ಷಾರಸ. ಕುಶಲಿಗಳು ತಗಡಿನ ಹಾಳೆಯಿಂದ ಮಾಡಿದ ಬಣ್ಣಬಣ್ಣದ ಬಾಲಯೇಸುವಿನ ಗೋದಲಿಗಳನ್ನು ಅಲ್ಲಿ 1937ರಿಂದ ಸ್ಪರ್ಧೆಗೆ ಇಡುತ್ತಾರಂತೆ. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಕಾಗದದ ಕೊನೆಯ ಒಂದು ಸಂಗತಿ: ಹಬ್ಬದ ಹಿಂದಿನ ರಾತ್ರಿ ಅಲ್ಲಿಯವರು ಮಾಂಸವಿಲ್ಲದ ಹನ್ನೆರಡು ಬಗೆಯ ಅಡಿಗೆ ಮಾಡಿ, ಆಕಾಶದಲ್ಲಿ ಮೊದಲನೆಯ ನಕ್ಷತ್ರವು ಕಾಣಿಸಿಕೊಂಡ ಮೇಲೆಯೇ ಊಟಕ್ಕೆ ಕುಳ್ಳಿರುತ್ತಾರೆ. ಇದನ್ನು ಓದಿದಾಗ ನನಗೆ ಬೆಳ್ಗೊಳವು ನೆನಪಾಯಿತು. ಏಕೆಂದರೆ ಅಲ್ಲಿಯ ಜೈನ ಶ್ರಾವಕರು ನಕ್ಷತ್ರ ಮೂಡುವುದಕ್ಕೆ ಮೊದಲೇ ಊಟವನ್ನು ಮುಗಿಸಿ ಕೈತೊಳೆದಿರುತ್ತಾರೆ.

ಹೀಗೆ ಧನುರ್ಮಾಸದ ಒಂದು ಬೆಳಗ್ಗೆ, ಅವರೆಕಾಯಿಯ ಸೊಗಡು ಹಾಸನದ ಸೀಮೆಯನ್ನೆಲ್ಲ ಆವರಿಸಿರುವ ಕಾಲದಲ್ಲಿ, ಕಲ್ಯಾಣಿಯ ದಂಡೆಯಿಂದ ನನ್ನ ನಡಿಗೆಯು ಆರಂಭವಾಯಿತು. ಊರಿಗೆ ಹೆಸರು ಬಂದದ್ದೇ ಈ ಬಿಳಿಯ ಕೊಳದಿಂದ. ಶಾಸನಗಳು ಇದನ್ನು ಸಂಸ್ಕೃತದಲ್ಲಿ ಧವಳಸರಸ್ಸೆಂದೂ ಶ್ವೇತಸರೋವರವೆಂದೂ ಕರೆದಿವೆ. ಆಸುಪಾಸಿನಲ್ಲಿ ಹಳೇಬೆಳ್ಗೊಳ, ಕೋಡಿಬೆಳ್ಗೊಳಗಳು ಬೇರೆ ಇರುವುದರಿಂದ ಶ್ರಮಣರ ಬೆಳ್ಗೊಳಕ್ಕೆ ‘ಶ್ರವಣ’ ಎಂಬ ವಿಶೇಷಣವು ಸೇರಿತು. ಇಂದು ನಾವು ಕಾಣುವ ಸೋಪಾನಗಳನ್ನೂ ಪ್ರಾಕಾರ ಗೋಪುರಗಳನ್ನೂ ಕಟ್ಟಿಸಲು ಆರಂಭಿಸಿದವನು ಚಿಕ್ಕದೇವರಾಜ ಒಡೆಯ. ಆತನ ಮೊಮ್ಮಗನ ಕಾಲದಲ್ಲಿ ಅದನ್ನು ಪೂರ್ಣಗೊಳಿಸಿದವನು ಟಂಕಸಾಲೆಯ ಅಧಿಕಾರಿಯಾದ ಅಣ್ಣಯ್ಯ. ನಾಣ್ಯ ಅಚ್ಚು ಹಾಕುವ ಕಚೇರಿಯವನ ಕೈಯಿಂದ ತೀರ್ಥದ ಕೊಳವು ಪೂರ್ತಿಯಾದುದು ಆಕಸ್ಮಿಕವಿರಬಹುದು; ಆದರೆ ಆ ದಿನವೆಲ್ಲ ನಾನು ನಡೆದ ಕಡೆಗಳಲ್ಲಿ ನಾಣ್ಯವೂ ತೀರ್ಥವೂ ಜೊತೆಜೊತೆಯಾಗಿಯೇ ಎದುರಾದುವು.

ಊರೊಳಗಿನ ನಗರಜಿನಾಲಯವನ್ನೇ ತೆಗೆದುಕೊಳ್ಳಿರಿ. ಎಷ್ಟೋ ವರ್ಷಗಳವರೆಗೆ ನಾನು ‘ನಗರ’ವೆಂದರೆ ಪಟ್ಟಣವೆಂದೇ ತಿಳಿದಿದ್ದೆ. ಅದು ಹಾಗಲ್ಲ. ನಗರವೆಂದರೂ ನಖರವೆಂದರೂ ಹಳೆಯ ಕನ್ನಡ ಶಾಸನಗಳ ಪರಿಭಾಷೆಯಲ್ಲಿ ವರ್ತಕರ ಸಂಘ. ಹೊಯ್ಸಳ ವೀರಬಲ್ಲಾಳನ ಪಟ್ಟಣಸ್ವಾಮಿಯೂ ಮಂತ್ರಿಯೂ ಆಗಿದ್ದ ನಾಗದೇವನು 12ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಟ್ಟಿಸಿದ ಈ ಬಸದಿಗೆ ಬೆಳ್ಗೊಳದ ವರ್ತಕರೇ ಪ್ರತಿಪಾಲಕರಾಗಿದ್ದರು. ಖಂಡಲಿ, ಮೂಲಭದ್ರವೆಂಬ ತಮ್ಮ ವಂಶಗಳನ್ನು ಅವರು ಅಭಿಮಾನದಿಂದ ಹೇಳಿಸಿಕೊಂಡಿದ್ದಾರೆ. ಸುಮಾರು ನೂರು ವರ್ಷಗಳಾದ ಮೇಲೆ ಬೆಳ್ಗೊಳದ ಮತ್ತು ನೆರೆಯ ಜಿನನಾಥಪುರದ ಮಾಣಿಕ್ಯನಖರಂಗಳು, ಎಂದರೆ ರತ್ನವರ್ತಕರು, ಇಲ್ಲಿಯ ಆದಿದೇವರ ಬಸದಿಯ ಜೀರ್ಣೋದ್ಧಾರಕ್ಕಾಗಿ ತಮ್ಮ ಗಳಿಕೆಯು ಸ್ಥಳದವರಿಂದ ಬಂದರೂ ಪರದೇಶಿಗಳಿಂದ ಬಂದರೂ ನೂರು ಗದ್ಯಾಣಕ್ಕೆ ಒಂದು ಗದ್ಯಾಣವನ್ನು ಕೊಡತಕ್ಕದ್ದೆಂದು ತಮಗೆ ತಾವೇ ಕಟ್ಟಳೆ ಮಾಡಿಕೊಂಡರು. ‘ಪರದೇಶಿಗಳಿಂದ’ ಎಂಬ ಆ ಒಂದು ಪದದಲ್ಲಿ ಬೆಳ್ಗೊಳದ ಪೇಟೆಯ ಚಿತ್ರವೆಲ್ಲವೂ ಅಡಗಿದೆ. ಬೆಟ್ಟವನ್ನು ಹತ್ತಲು ಬಂದವನು ರತ್ನವನ್ನು ಮಾರಿದನೋ, ಮಾರಲು ಬಂದವನು ಬೆಟ್ಟವನ್ನು ಹತ್ತಿದನೋ, ಶಾಸನವು ಆ ಭೇದವನ್ನೆಣಿಸುವುದಿಲ್ಲ.

ಭಂಡಾರಬಸದಿಯ ಹೆಸರೂ ಇಂಥದೇ. 1159ರಲ್ಲಿ ಅದನ್ನು ಕಟ್ಟಿಸಿದ ಹುಳ್ಳನು ಮೊದಲನೆಯ ನರಸಿಂಹನ ಭಂಡಾರಿ. ಸವಣೇರು ಗ್ರಾಮವು ಅದಕ್ಕೆ ದತ್ತಿಯಾಯಿತು. 24 ತೀರ್ಥಂಕರರು ಒಂದೇ ಪೀಠದ ಮೇಲೆ ಸಾಲಾಗಿ ನಿಂತಿರುವ ಈ ಬಸದಿಯ ಬಳಿಯಲ್ಲಿಯೇ 1368ರ ಬುಕ್ಕರಾಯನ ಪ್ರಸಿದ್ಧವಾದ ಶಾಸನವಿರುವುದು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ಪರಿಹರಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಸಭೆಗಳಲ್ಲಿ ಸೌಹಾರ್ದದ ಉದಾಹರಣೆಯಾಗಿ ಅದನ್ನು ಎತ್ತಿ ಹೇಳುವವರೂ ಬಹುಮಂದಿ. ಆದರೆ ಅದರ ಲೆಕ್ಕದ ಭಾಗವನ್ನು ಅವರು ಓದಿದಂತೆ ತೋರುವುದಿಲ್ಲ. ನಾಡಿನ ಜೈನರ ಮನೆಮನೆಯೂ ವರ್ಷಕ್ಕೆ ಒಂದು ಹಣವನ್ನು ಕೊಡಬೇಕು; ತಿರುಮಲೆಯ ತಾತಯ್ಯನು ಅದನ್ನೆತ್ತಿಸಿ ಬೆಳ್ಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು; ಉಳಿದ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಸಂಧಾನವು ನಿಂತದ್ದು ಸದ್ಭಾವನೆಯೊಂದರಿಂದಲೇ ಅಲ್ಲ, ಸುಣ್ಣದ ಖರ್ಚನ್ನೂ ಮರೆಯದ ಈ ವಿವೇಕದಿಂದ ಎಂಬುದು ನನ್ನ ಅಭಿಪ್ರಾಯ.

ವರ್ತಕರ ಸಂಬಂಧವು ಎಲ್ಲ ಕಾಲದಲ್ಲಿಯೂ ಹಿತಕರವಾಗಿಯೇ ಇತ್ತೆಂದು ಹೇಳುವಂತಿಲ್ಲ. 17ನೆಯ ಶತಮಾನದ ವೇಳೆಗೆ ಬೆಳ್ಗೊಳದ ಸ್ಥಾನಿಕರು ದೇವರ ಭೂಮಿಗಳನ್ನು ವರ್ತಕರಲ್ಲಿ ಅಡವಿಟ್ಟು ಬಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯನು 1634ರಲ್ಲಿ ಸಾಲಿಗರನ್ನು ಕರೆಸಿ, ಆ ಋಣವನ್ನು ತಾನೇ ತೀರಿಸುವುದಾಗಿ ಹೇಳಿದನು. ಅವರು, ಪ್ರಭುವಿನಿಂದ ಹಣವನ್ನು ಪಡೆಯಲಾರದೆಯೋ, ಪುಣ್ಯವನ್ನು ಬಿಡಲಾರದೆಯೋ, ತಮ್ಮ ಹೆತ್ತವರಿಗೆ ಸದ್ಗತಿಯಾಗಲೆಂದು ಅಡವಿನ ಪತ್ರಗಳನ್ನು ದೇವರ ಸನ್ನಿಧಿಯಲ್ಲಿ ಬಿಟ್ಟುಕೊಟ್ಟರು. ಇನ್ನು ಮುಂದೆ ಅಡವು ಇಡುವವರಿಗೂ ಹಿಡಿಯುವವರಿಗೂ ನಿಷೇಧವನ್ನು ವಿಧಿಸಿ ಶಾಸನವನ್ನು ಹಾಕಿಸಲಾಯಿತು.

ಇಲ್ಲಿಂದ ನಾನು ದೊಡ್ಡಬೆಟ್ಟದ ಬುಡದ ಅಂಗಡಿಸಾಲಿಗೆ ಬಂದೆ. ಸುಮಾರು 650 ಮೆಟ್ಟಿಲುಗಳನ್ನು ಬರಿಗಾಲಿನಲ್ಲಿಯೇ ಏರಬೇಕಾದುದರಿಂದ ಇಲ್ಲಿ ಕಾಲುಚೀಲದ ವ್ಯಾಪಾರವು ಭರದಿಂದ ನಡೆಯುತ್ತದೆ. ಕಾಯ್ದ ಬಂಡೆಯ ಮೇಲೆ ದಿಗಂಬರ ಮೂರ್ತಿಯ ದರ್ಶನಕ್ಕಾಗಿ ಕಾಲುಚೀಲವನ್ನು ಕೊಂಡು ಧರಿಸುವ ವಿನೋದವನ್ನು ಕಂಡು ನಾನು ನಕ್ಕೆನಾದರೂ, ಮಧ್ಯಾಹ್ನದ ಹೊತ್ತಿಗೆ ಒಂದು ಜೊತೆಯನ್ನು ನಾನೇ ಕೊಂಡೆ. ಡೋಲಿ ಹೊರುವವರು ನೆರಳಿನಲ್ಲಿ ಕುಳಿತಿದ್ದರು. ಎಳನೀರಿನ ರಾಶಿಯ ಪಕ್ಕದಲ್ಲಿ ಗುಜರಾತಿ, ಹಿಂದಿ, ಮರಾಠಿ ಮಾತುಗಳು ಕೇಳಿಬರುತ್ತಿದ್ದುವು. ಇದೇನೂ ರೈಲು ಬಂದ ಮೇಲಿನ ಮಾತಲ್ಲ; ಬೆಟ್ಟದ ಮೇಲೆ ಮಹಾಜನಿ ಲಿಪಿಯಲ್ಲಿ ಹೆಸರನ್ನು ಕೊರೆಸಿಹೋದ ಉತ್ತರದೇಶದ ಯಾತ್ರಿಕರು ಎತ್ತಿನ ಗಾಡಿಯ ಕಾಲದವರೇ.

ಆದರೆ ಈ ಬೀದಿಯ ನಿಜವಾದ ಐಶ್ವರ್ಯವು ಹಿತ್ತಾಳೆ. ರೈಸ್ ಮಹಾಶಯರು 19ನೆಯ ಶತಮಾನದಲ್ಲಿ ಪ್ರಕಟಿಸಿದ ಮೈಸೂರು ಗೆಜೆಟಿಯರಿನಲ್ಲಿ, ಸಂಸ್ಥಾನದ ತಾಮ್ರ ಹಿತ್ತಾಳೆ ಪಾತ್ರೆಗಳ ಕಸಬು ಬಹುಮಟ್ಟಿಗೆ ಜೈನರಾದ ಬೋಗಾರರ ಕೈಯಲ್ಲಿದೆಯೆಂದೂ, ಅವರ ಮುಖ್ಯವಾದ ನೆಲೆಗಳಲ್ಲಿ ಶ್ರವಣಬೆಳಗೊಳವೂ ಸೀತಕಲ್ಲೂ ಸೇರಿವೆಯೆಂದೂ ಹೇಳಿದೆ. ಜೈನರು ಹಿಂಸೆಗೆ ಅಂಜಿ ನೇಗಿಲನ್ನು ಬಿಟ್ಟು ತಕ್ಕಡಿಯನ್ನು ಹಿಡಿದರೆಂದು ಪುಸ್ತಕಗಳಲ್ಲಿ ಬರೆಯುವುದುಂಟು; ನೇಗಿಲು ಹಿಡಿದ ಜೈನರು ನಮ್ಮ ನಾಡಿನಲ್ಲಿ ಬೇಕಾದಷ್ಟು ಮಂದಿ ಇರುವುದರಿಂದಲೂ, ಬೋಗಾರರ ಸುತ್ತಿಗೆಯಾಗಲಿ ಕುಲುಮೆಯಾಗಲಿ ತಕ್ಕಡಿಯಷ್ಟು ನಿರಪಾಯವಾದ ಸಾಧನಗಳಲ್ಲವಾದುದರಿಂದಲೂ, ಆ ವಿವರಣೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಊರಿಗೆ ಬೇಕಾದುದು ಪಾತ್ರೆ, ಊರಿನವರು ಮಾಡಿದ್ದು ಪಾತ್ರೆ, ಎಂದರೆ ಸಾಲದೆ? ಅಭಿಷೇಕವೇ ಪ್ರಧಾನವಾದ ಕ್ಷೇತ್ರದಲ್ಲಿ ಕಲಶವಿಲ್ಲದೆ ಯಾವ ಕಾರ್ಯವೂ ನಡೆಯದು. 1398ರ ಶಾಸನವೊಂದು ಪಂಡಿತಾರ್ಯರೆಂಬುವರು ಏಳು ಸಲ ಮಸ್ತಕಾಭಿಷೇಕವನ್ನು ಮಾಡಿಸಿದರೆಂದು ಹೇಳುತ್ತದೆ. ಈಚೆಗೆ ಹನ್ನೆರಡು ವರ್ಷಗಳ ಅಂತರದಲ್ಲಿ ನಡೆಯುವ ಮಹಾಮಸ್ತಕಾಭಿಷೇಕಕ್ಕೆ ಸಂಪ್ರದಾಯದಂತೆ ಕಲಶಗಳೇ 1008. ಕೊಳದ ನೀರು, ಎಳನೀರು, ಕಬ್ಬಿನಹಾಲು, ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಶ್ರೀಗಂಧ ಎಂದು ಒಂದೊಂದಾಗಿ ಸುರಿಯುವ ದ್ರವ್ಯಗಳ ಪಟ್ಟಿಯು ಒಂದು ಪೇಟೆಯ ಅಂಗಡಿಸಾಲನ್ನು ಓದಿದಂತೆಯೇ ಇರುವುದು. ಕಲಶವೆತ್ತುವ ಹಕ್ಕನ್ನು ಭಕ್ತರು ದ್ರವ್ಯವನ್ನು ಕೊಟ್ಟು ಪಡೆಯುತ್ತಾರೆ. ಪ್ರತಿಷ್ಠೆಯ ಸಹಸ್ರವರ್ಷವೆಂದು 1981ರಲ್ಲಿ ಜರುಗಿದ ಉತ್ಸವದಲ್ಲಿ ಪ್ರಧಾನಮಂತ್ರಿ ಇಂದಿರಾಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದರು. ಆಗ ಬೆಟ್ಟದ ಸುತ್ತಲೂ ಎದ್ದು ನಿಂತ ತಾತ್ಕಾಲಿಕ ಉಪನಗರಗಳು 2006ರಲ್ಲಿಯೂ 2018ರಲ್ಲಿಯೂ ಮತ್ತೆ ಎದ್ದು ಮತ್ತೆ ಬಿದ್ದವು. ಕ್ರಾಕೋವಿನವರು ವರ್ಷಕ್ಕೊಮ್ಮೆ ಕಟ್ಟಿ ಬಿಚ್ಚುವ ಸಂತೆಯನ್ನು ಬೆಳ್ಗೊಳದವರು ಇನ್ನೂ ದೊಡ್ಡದಾಗಿ ಹನ್ನೆರಡು ವರ್ಷಕ್ಕೊಮ್ಮೆ ಕಟ್ಟಿ ಬಿಚ್ಚುತ್ತಾರೆ.

ಹಿತ್ತಾಳೆಯ ಅಂಗಡಿಯೊಂದರಲ್ಲಿ ಒಂದು ತಂಬಿಗೆಯನ್ನು ಕೈಗೆತ್ತಿಕೊಂಡೆ. ಅಂಗಡಿಯ ಹಿರಿಯರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಯ ಬಳಿ ಹಿಡಿದು, “ಇದು ಬೇಡ ಸ್ವಾಮಿ, ಅದನ್ನ ತಕೊಳ್ಳಿ” ಎಂದು ಮತ್ತೊಂದನ್ನು ಕೊಟ್ಟರು. ಎರಡರ ನಾದದಲ್ಲಿ ನನಗೆ ಭೇದವು ತಿಳಿಯಲಿಲ್ಲ. ಮನೆಮನೆಗಳಿಗೆ ಸ್ಟೀಲು ನುಗ್ಗಿದ ಮೇಲೆ ಬಿಂದಿಗೆ ಹಂಡೆಗಳನ್ನು ಕೇಳುವವರು ಕಡಮೆಯಾದರೆಂದೂ, ಈಗ ಹೆಚ್ಚಾಗಿ ಹೋಗುವುದು ಪೂಜೆಯ ಸಾಮಾನು, ಅಂಗೈಯಗಲದ ಗೊಮ್ಮಟನ ಮೂರ್ತಿಗಳು ಎಂದೂ ಅವರು ಹೇಳಿದರು. ಕೊಡವನ್ನು ಕೊಂಡು ಮನೆಯಲ್ಲಿ ನೀರು ತುಂಬಿಡುತ್ತಿದ್ದವರು ಈಗ ಮೂರ್ತಿಯನ್ನು ಕೊಂಡು ಗಾಜಿನ ಬೀರುವಿನಲ್ಲಿಡುತ್ತಾರೆ.

ಊಟದ ವಿಷಯವನ್ನು ಹೇಳದಿದ್ದರೆ ನಡಿಗೆಯ ವೃತ್ತಾಂತವು ಅಪೂರ್ಣ. ಶ್ರಾವಕರ ಅಡಿಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗಳಾಗಲಿ ಆಲೂಗೆಡ್ಡೆ ಮೂಲಂಗಿಯಂಥ ಕಂದಮೂಲಗಳಾಗಲಿ ಸಲ್ಲವು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು. ಹಸಿಶುಂಠಿಯು ನಿಷಿದ್ಧವಾದರೂ ಒಣಶುಂಠಿಯನ್ನು ಒಪ್ಪುತ್ತಾರೆ. ಅರಿಶಿನವೂ ನೆಲದೊಳಗಿನದೇ, ಒಣಗಿದ ಮೇಲೆ ಅದಕ್ಕೆ ಅಡಿಗೆಮನೆಯಲ್ಲಿ ಮಾತ್ರವೇ ಅಲ್ಲ, ಸ್ವಾಮಿಯ ಶಿರಸ್ಸಿನ ಮೇಲೆಯೇ ಸ್ಥಾನವುಂಟು. ಇಷ್ಟೆಲ್ಲ ನಿಯಮಗಳ ನಡುವೆ ನನಗೆ ಬಡಿಸಿದ ಅನ್ನ, ತೊವ್ವೆ, ಅವರೆಕಾಳಿನ ಹುಳಿಗಳ ರುಚಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಇನ್ನು ಜಾತ್ರೆಯ ತಿನಿಸುಗಳು: ಕಡ್ಲೆಪುರಿ, ಬೆಂಡು, ಬತ್ತಾಸು, ಕಲ್ಯಾಣಸೇವೆ, ಕೊಬ್ಬರಿಮಿಠಾಯಿ. ಚೈತ್ರದ ರಥೋತ್ಸವದಲ್ಲಿ ಇವು ಬೆಟ್ಟದಂತೆ ರಾಶಿಬೀಳುತ್ತವೆ. ಉಳಿದ ದಿನಗಳಲ್ಲಿ ಒಂದೆರಡು ಅಂಗಡಿಗಳಲ್ಲಿ ಪುಟ್ಟ ಗುಡ್ಡೆಯಂತಿರುತ್ತವೆ. ಎಲ್ಲವೂ ಒಣ ತಿನಿಸುಗಳೇ ಎಂಬುದನ್ನು ಗಮನಿಸಬೇಕು. ಗಾಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ದಿನಗಟ್ಟಲೆ ಪ್ರಯಾಣ ಮಾಡಿ ಊರಿಗೆ ಮರಳುವವನು ಕೆಡದಂತೆ ಒಯ್ದು ಮನೆಯ ಮಕ್ಕಳಿಗೆ ಪ್ರಸಾದವೆಂದು ಹಂಚಬಹುದಾದ ವಸ್ತುಗಳೇ ಜಾತ್ರೆಯಲ್ಲಿ ಉಳಿದುಕೊಂಡಿವೆ.

ಹೊತ್ತು ಇಳಿಯುತ್ತಿದ್ದಾಗ ಬೆಟ್ಟವನ್ನು ಹತ್ತಿದೆ. ಸ್ವಾಮಿಯ ಎದುರಿಗೆ, ಸುತ್ತಾಲಯದ ಹೊರಗೆ, ಗುಳ್ಳಕಾಯಿಯನ್ನು ಹಿಡಿದ ಅಜ್ಜಿಯ ವಿಗ್ರಹವಿದೆ. ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಕೊಡಕೊಡವಾಗಿ ಸುರಿಸಿದ ಹಾಲು ಸೊಂಟದಿಂದ ಕೆಳಗಿಳಿಯಲಿಲ್ಲವೆಂದೂ, ಈಕೆಯ ಗುಳ್ಳದಷ್ಟು ಹಾಲು ಪಾದವನ್ನೂ ತೋಯಿಸಿ ಬೆಟ್ಟದಿಂದಿಳಿದು ಹರಿಯಿತೆಂದೂ ಇರುವ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಅದೇ ಸ್ವಾಮಿಯ ನಿತ್ಯಾಭಿಷೇಕದ ಹಾಲಿಗೆ 13ನೆಯ ಶತಮಾನದ ಭಕ್ತನೊಬ್ಬನು ನಾಲ್ಕು ಗದ್ಯಾಣವನ್ನು ಇಡುಗಂಟಾಗಿ ಇಟ್ಟು, ಹೊನ್ನಿಗೆ ತಿಂಗಳಿಗೆ ಒಂದು ಹಾಗದ ಬಡ್ಡಿಯಂತೆ ದಿನವೂ ಒಂದು ಬಳ್ಳ ಹಾಲು ಸಲ್ಲುವಂತೆ ಕಲ್ಲಿನಲ್ಲಿ ಬರೆಯಿಸಿದ್ದಾನೆ. ಹಾಗವೆಂದರೆ ಹಣದ ಕಾಲುಭಾಗ. ಕಥೆಯ ಹಾಲು ಅಳತೆಗೆ ಸಿಕ್ಕದು. ಶಾಸನದ ಹಾಲಿನಲ್ಲಿ ಒಂದು ತೊಟ್ಟೂ ಲೆಕ್ಕ ತಪ್ಪದು. ಒಂದೇ ಮೂರ್ತಿಯ ಮೈಮೇಲೆ ಎರಡೂ ಹರಿದುವು.

ಕೆಳಗಿಳಿದು ಬರುವಾಗ ಭೋಜನಶಾಲೆಯಲ್ಲಿ ಎಲೆಯೆತ್ತಿ ನೆಲವನ್ನು ಒರೆಸುತ್ತಿದ್ದರು. ಸೂರ್ಯನು ಇನ್ನೂ ಪೂರ್ತಿಯಾಗಿ ಮುಳುಗಿರಲಿಲ್ಲ. ಪುರಿಯಂಗಡಿಯ ಮುದುಕಿಯು ಸೇರಿನಲ್ಲಿ ಕಡ್ಲೆಪುರಿಯನ್ನು ತುಂಬಿ, ತಲೆಯನ್ನು ಅಂಗೈಯಿಂದ ಸವರಿ ಸಮಮಾಡಿ, ಪೊಟ್ಟಣಕ್ಕೆ ಸುರಿದಳು. ನಾನು ದುಡ್ಡು ಕೊಟ್ಟು ಹೊರಟವನು ಕ್ರಾಕೋವಿನ ಕಾಗದಕ್ಕೆ ಏನು ಉತ್ತರ ಬರೆಯಲೆಂದು ಯೋಚಿಸುತ್ತಿದ್ದೆ. “ತಡೀರಪ್ಪಾ, ಕೊಸರು ಬ್ಯಾಡ್ವಾ?” ಎನ್ನುತ್ತ ಆಕೆಯು ಮತ್ತೊಂದು ಹಿಡಿಯನ್ನು, ಅಳೆಯದೆಯೇ, ಪೊಟ್ಟಣದ ಬಾಯಿಗೆ ತುರುಕಿದಳು.