ಯಾವ ರಸ್ತೆ ಮೊದಲು: ಹೆದ್ದಾರಿ ಹಣದ ಅಳತೆಗೋಲುಗಳು

1927ರಲ್ಲಿ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ರಸ್ತೆ ಅಭಿವೃದ್ಧಿ ಸಮಿತಿಯು, ರಸ್ತೆಗಳ ಭಾರ ಪ್ರಾಂತಗಳ ಹಾಗೂ ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರುತ್ತಿರುವುದನ್ನು ಮನಗಂಡು, ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ವಿಧಿಸುವಂತೆ ಸೂಚಿಸಿತು. ಅದರಂತೆ 1929ರಲ್ಲಿ ಗ್ಯಾಲನ್ನಿಗೆ 2 ಆಣೆಯ ವಸೂಲಿ ಮೊದಲಾಗಿ, ರಸ್ತೆಗೆಂದೇ ಮೀಸಲಾದ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಕೇಂದ್ರವು ಒಂದು ಅಂಶವನ್ನು ತಾನಿಟ್ಟುಕೊಂಡು ಉಳಿದದ್ದನ್ನು ಪೆಟ್ರೋಲ್ ಬಳಕೆಗೆ ತಕ್ಕಂತೆ ಹಂಚುತ್ತಿದ್ದುದರಿಂದ, ರಸ್ತೆಯಿಲ್ಲದ ಸೀಮೆಯಲ್ಲಿ ಮೋಟಾರೂ ಇರಲಿಲ್ಲ, ಮೋಟಾರಿಲ್ಲದ ಸೀಮೆಗೆ ಹಣವೂ ಬರಲಿಲ್ಲ. ಉಂಡವರಿಗೇ ಮತ್ತೆ ಬಡಿಸುವ ಪಂಕ್ತಿಯಿದು.

1943ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ಈ ಅಳತೆಯನ್ನು ಬದಲಿಸಿದರು. ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವಿಂಗಡಿಸಿದ ಅವರ ಯೋಜನೆಯು, ಬೇಸಾಯದ ನೆಲದಲ್ಲಿರುವ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ಹೆಚ್ಚು ದೂರವಿರಬಾರದೆಂಬ ಗುರಿ ಹಾಕಿಕೊಂಡಿತು. ಓಡುವ ವಾಹನದ ಬದಲು ನಡೆಯುವ ಮನುಷ್ಯನನ್ನು ಲೆಕ್ಕಕ್ಕೆ ಹಿಡಿದದ್ದೇ ಅದರ ಹಿರಿಮೆ.

ಆದರೆ ಇರುವ ರಸ್ತೆಯನ್ನು ಅಗಲಿಸುವ ಪ್ರಶ್ನೆ ಬಂದಾಗ ದೂರದ ಲೆಕ್ಕ ಸಾಲದೆ, ವಾಹನಗಳ ಎಣಿಕೆಯೇ ಆಧಾರವಾಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕ್ರಮದಂತೆ ವರ್ಷಕ್ಕೆ ಎರಡು ಸಲ, ಒಮ್ಮೆ ಸುಗ್ಗಿಯಲ್ಲಿ ಮತ್ತೊಮ್ಮೆ ದಟ್ಟಣೆ ಇಳಿದ ಕಾಲದಲ್ಲಿ, ಏಳು ದಿನ ಹಗಲಿರುಳೂ ದಾರಿಬದಿಯಲ್ಲಿ ಕುಳಿತವರು ನಾಲ್ಕು ಗೀಟೆಳೆದು ಐದನೆಯದನ್ನು ಅಡ್ಡ ಹಾಕುತ್ತ ಎಣಿಸುತ್ತಿದ್ದರು. ಬಗೆಬಗೆಯ ವಾಹನಗಳನ್ನು ಒಂದೇ ಮಾನಕ್ಕೆ ತರಲು ಕಾರನ್ನು ಒಂದು ಎಂದು ಹಿಡಿದು, ಲಾರಿಗೆ 3, ಎತ್ತಿನ ಗಾಡಿಗೆ 8 ಎಂಬ ಬೆಲೆ ಕಟ್ಟಲಾಗಿತ್ತು. ಅದು ಗಾಡಿಯವನಿಗೆ ಸಂದ ಗೌರವವಲ್ಲ, ಹಿಂದಿನವರಿಗೆ ಅವನಿಂದಾಗುವ ಅಡಚಣೆಯ ಅಳತೆ.

ವಾಹನ ದಟ್ಟಣೆಯ ಈ ತರ್ಕ ತನ್ನ ಪೂರ್ಣರೂಪ ತಳೆದದ್ದು, ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಬೆಸೆದ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥದಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಸಾವಿರಕ್ಕೂ ಮೇಲ್ಪಟ್ಟು ಜನರಿರುವ, ರಸ್ತೆಯಿಲ್ಲದ ಊರಿಗೆ ಮೊದಲ ಸರದಿಯೆಂದು ಗೊತ್ತುಮಾಡಿ, ನಾಗಪುರದ ದಾರಿಯನ್ನು ಮತ್ತೆ ಹಿಡಿಯಿತು. ಚತುಷ್ಪಥವು ಕರ್ನಾಟಕದಲ್ಲಿ ಬೆಂಗಳೂರು, ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳ ಸಾಲನ್ನು ಹಿಡಿದು ಸಾಗಿತು. ಬೀದರ್, ಕಲಬುರಗಿ, ರಾಯಚೂರುಗಳು ಅದರ ಹಾದಿಯಲ್ಲಿರಲಿಲ್ಲ.