ಆಯ್ದ ಹಾಡುಗಳ ಅಗ್ಗದ ಧ್ವನಿಸುರುಳಿಗಳು: ಮೌಲ್ಯಮಾಪನದ ನೆಲೆಗಳು
(ಪೊನ್ನಂಪೇಟೆ ಪರಿಸರವನ್ನು ಅನುಲಕ್ಷಿಸಿ)

ಕನ್ನಡ ಸುಗಮ ಸಂಗೀತ ಹಾಗೂ ಚಲನಚಿತ್ರ ಸಂಗೀತದ ಚರಿತ್ರೆಗೆ ಮೂಲ ಗ್ರಾಮಫೋನ್ ತಟ್ಟೆಗಳೇ ಪ್ರಮುಖ ಆಕರಗಳೆಂಬುದು ನಿರ್ವಿವಾದ. ಆದರೆ ಪಿ. ಕಾಳಿಂಗರಾವ್ (1914–1981), ಪಿ.ಬಿ. ಶ್ರೀನಿವಾಸ್ (1930–2013) ಮೊದಲಾದವರ ದನಿಯನ್ನು ಮುಂದಿನ ತಲೆಮಾರಿನ ಮನೆಗಳಿಗೆ ಮುಟ್ಟಿಸುವಲ್ಲಿ ಆಕಾಶವಾಣಿಯೊಡನೆ ಕಡಿಮೆ ಬೆಲೆಯ ಸಂಕಲನಗಳ ಪಾತ್ರವೂ ದೊಡ್ಡದು. ಬೆಲೆ ಅಗ್ಗವೆಂಬ ಕಾರಣಕ್ಕೆ ಅವುಗಳನ್ನು ತಳ್ಳಿಹಾಕುವುದಾಗಲಿ, ಜನಪ್ರಿಯವೆಂಬ ಕಾರಣಕ್ಕೆ ಒಪ್ಪಿಕೊಳ್ಳುವುದಾಗಲಿ ಸರಿಯಲ್ಲ. ಹಾಡಿನ ಕರ್ತೃ, ಕಾಲ, ಕಂಠಗಳನ್ನು ಅವು ಎಷ್ಟರ ಮಟ್ಟಿಗೆ ಉಳಿಸಿಕೊಂಡಿವೆ ಎಂಬುದೇ ಮೌಲ್ಯಮಾಪನದ ಮುಖ್ಯ ನೆಲೆಯಾಗಬೇಕು.

ದಕ್ಷಿಣ ಕೊಡಗಿನ ಪೊನ್ನಂಪೇಟೆ ಪರಿಸರಕ್ಕೆ ಹಾಡುಗಳ ಸಂಕಲನವೆಂಬ ಕಲ್ಪನೆ ಹೊಸದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿಯೇ ಪ್ರಕಟವಾಯಿತು. ನಾಲ್ವರು ದುಡಿ ಬಾರಿಸುತ್ತ ಹಾಡುವ ದೀರ್ಘ ಪಾಟ್‌ಗಳು ಅಲ್ಲಿ ಕನ್ನಡ ಲಿಪಿಯಲ್ಲಿ ನೆಲೆಗೊಂಡವು. ಹಬ್ಬ, ಮದುವೆ, ಸಾವುಗಳ ಆಚರಣೆಗಳೊಡನೆ ಹಾಡುಗಳನ್ನು ಜೋಡಿಸಿದ್ದರಿಂದ, ಯಾವ ಹಾಡು ಯಾವ ಸಂದರ್ಭಕ್ಕೆ ಸೇರಿದ್ದೆಂಬುದು ಓದುಗನಿಗೆ ತಿಳಿಯುತ್ತದೆ. ಒಳ್ಳೆಯ ಸಂಕಲನದ ಮೊದಲ ಲಕ್ಷಣ ಇದೇ.

ಈ ಲಕ್ಷಣ ಇಲ್ಲವಾದರೆ ಆಗುವ ಹಾನಿಗೆ ಕೊಡಗಿನದೇ ನಿದರ್ಶನವನ್ನು ಗಮನಿಸಬಹುದು. ಮಡಿಕೇರಿಯಲ್ಲಿ ಅಧ್ಯಾಪನ ವೃತ್ತಿಯಲ್ಲಿದ್ದ ಪಂಜೆ ಮಂಗೇಶರಾಯರು (1874–1937) ರಚಿಸಿದ 'ಹುತ್ತರಿ ಹಾಡು' ಕನ್ನಡದ ಪ್ರಸಿದ್ಧ ಕವಿತೆ. ಹುತ್ತರಿ ಹಬ್ಬದಲ್ಲಿ ಕೊಡವರು ಹಾಡುವ ಪಾಟ್ ಬೇರೆ. ಅದರ ಭಾಷೆ ಕೊಡವ ತಕ್ಕ್. ಕವಿಯ ಹೆಸರಿಲ್ಲದೆ 'ಹುತ್ತರಿ ಹಾಡು' ಎಂದಷ್ಟೇ ಅಚ್ಚಾದ ಹೊದಿಕೆಯು ಪಂಜೆಯವರಿಗೂ ಅನ್ಯಾಯ ಮಾಡುತ್ತದೆ, ಕೊಡವ ಪರಂಪರೆಗೂ ಅನ್ಯಾಯ ಮಾಡುತ್ತದೆ. ಕರ್ತೃವಿರುವ ರಚನೆಯನ್ನು 'ಜಾನಪದ'ವೆಂದು ಕರೆಯುವ ತಪ್ಪು ಹೀಗೆಯೇ ಬೆಳೆಯುತ್ತದೆ.

ಭಾರತದ ಧ್ವನಿಮುದ್ರಣದ ಆರಂಭಕಾಲದಲ್ಲಿ ಸ್ಥಿತಿ ಭಿನ್ನವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡು ಮುದ್ರಿಸಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ವಿದೇಶದಲ್ಲಿ ತಟ್ಟೆ ಅಚ್ಚುಮಾಡುವವರಿಗೆ ಗುರುತು ಸಿಗಲೆಂಬುದು ಅದರ ಉದ್ದೇಶವಾಗಿತ್ತು. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ ಸಂಗೀತವನ್ನು ಅಗ್ಗವಾಗಿಸಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ 'ನಿತ್ಯೋತ್ಸವ' (1978) ಕನ್ನಡ ಭಾವಗೀತೆಗೆ ಧ್ವನಿಸುರುಳಿಯ ಯುಗವನ್ನು ತೆರೆಯಿತು. ಕವಿಯೇ ಕೇಂದ್ರವಾದ ಇಂಥ ಧ್ವನಿಸುರುಳಿಗೂ ಗಾಯಕನ ಚಿತ್ರವನ್ನಷ್ಟೇ ಮುಂದಿಟ್ಟ ಸಂಕಲನಕ್ಕೂ ಇರುವ ಅಂತರ ಗಮನಾರ್ಹ.

ಎರಡನೆಯ ನೆಲೆ ಕಂಠದ ಪ್ರಾಮಾಣ್ಯ. 'ರಾಜ್‌ಕುಮಾರ್ ಹಾಡುಗಳು' ಎಂಬ ಶೀರ್ಷಿಕೆಗೆ ಎರಡು ಅರ್ಥಗಳಿವೆ. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ಅವರು ನಿರಂತರವಾಗಿ ಹಾಡತೊಡಗಿದರು. ಅದಕ್ಕೂ ಮೊದಲಿನ ಅನೇಕ ಚಿತ್ರಗಳಲ್ಲಿ ಅವರ ತುಟಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. ನಟನ ಹೆಸರಿನ ಕೆಳಗೆ ಗಾಯಕ ಮರೆಯಾಗಿದ್ದಾನೆಯೇ ಎಂಬುದನ್ನು ಮೊದಲು ನೋಡಬೇಕು. ಮತ್ತೊಬ್ಬರಿಂದ ಪುನಃ ಹಾಡಿಸಿದ ಮುದ್ರಣಗಳದು ಬೇರೊಂದು ಸಮಸ್ಯೆ. 1980ರ ದಶಕದಿಂದ ಹಿಂದಿಯಲ್ಲಿ ಇಂಥವು ವಿಪುಲವಾಗಿ ಬಂದವು. ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿಯು ಇವುಗಳ ಹೊದಿಕೆಯಲ್ಲಿ ಮೂಲ ಗಾಯಕರ ಹೆಸರು, ಚಿತ್ರಗಳನ್ನು ಬಳಸಬಾರದೆಂದೂ ಮರುಗಾಯನವೆಂದು ಸ್ಪಷ್ಟವಾಗಿ ನಮೂದಿಸಬೇಕೆಂದೂ ವಿಧಿಸಿತು. ಅದಕ್ಕೂ ಹಿಂದಿನ ಧ್ವನಿಸುರುಳಿಗಳನ್ನು ಕಿವಿಯಿಂದಲೇ ಪರೀಕ್ಷಿಸಬೇಕು.

ಮೂರನೆಯದು ವಿವರಗಳ ಪೂರ್ಣತೆ. ಮುದ್ರಿಸಿದವರು, ಹಕ್ಕುದಾರರು, ಮೊದಲ ಪ್ರಕಟಣೆಯ ವರ್ಷ – ಇವು ಹೊದಿಕೆಯ ಮೇಲಿರಬೇಕೆಂದು ಅದೇ ಕಾಯಿದೆಯ 52ಎ ಪ್ರಕರಣ ಹೇಳುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುವುದರಿಂದ ಈ ವರ್ಷಸೂಚನೆ ಗ್ರಂಥಾಲಯಗಳಿಗೂ ಅತ್ಯಗತ್ಯ. ಸಂಕಲನದ ವರ್ಷವನ್ನೇ ಹಾಡಿನ ವರ್ಷವೆಂದು ಭಾವಿಸಿದರೆ ಕಾಲಾನುಕ್ರಮವೇ ತಲೆಕೆಳಗಾಗುತ್ತದೆ.

ನಾಲ್ಕನೆಯದು ಆಯ್ಕೆಯ ವ್ಯಾಪ್ತಿ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ಸುಮಾರು 3 ನಿಮಿಷ, 60 ನಿಮಿಷದ ಧ್ವನಿಸುರುಳಿಯ ಒಂದು ಮಗ್ಗುಲು 30 ನಿಮಿಷ, ಎಂ.ಪಿ.3 ಸಿ.ಡಿ.ಯಲ್ಲಿ ಸುಮಾರು 12 ಗಂಟೆಗಳ ಹಾಡುಗಳು ಅಡಕವಾದವು. ಸ್ಥಳ ಹೆಚ್ಚಿದ ಮಾತ್ರಕ್ಕೆ ಆಯ್ಕೆ ವಿಶಾಲವಾಗುವುದಿಲ್ಲ. ಕೊಡವ, ಕನ್ನಡ, ಮಲಯಾಳ, ಯರವ, ಕುರುಬ ನುಡಿಗಳು ಬೆರೆತಿರುವ ಪೊನ್ನಂಪೇಟೆಯಲ್ಲಿ ಎಸ್. ಜಾನಕಿಯವರು ಕನ್ನಡದ ಗಾಯಕಿಯೂ ಹೌದು, ಮಲಯಾಳದ ಗಾಯಕಿಯೂ ಹೌದು. ಒಂದೇ ಭಾಷೆಯ ಸಂಕಲನ ಅವರ ಗಾಯನದ ಒಂದು ಮುಖವನ್ನಷ್ಟೇ ತೋರಿಸುತ್ತದೆ. ಅದು ದೋಷವಲ್ಲ, ಆದರೆ 'ಸಮಗ್ರ' ಎಂಬ ಶೀರ್ಷಿಕೆ ತೊಟ್ಟಾಗ ದೋಷವಾಗುತ್ತದೆ.

ಇನ್ನು ದುಡಿಯ ಪಾಟ್‌ಗಳಂತಹ ದೀರ್ಘ ಪರಂಪರೆಗಳು ಈ ಅಳತೆಗಳಿಗೆ ಒಗ್ಗುವುದೇ ಇಲ್ಲ. ಸುರುಳಿಗೆ ಹಿಡಿಸುವಷ್ಟನ್ನು ಕತ್ತರಿಸಿಕೊಟ್ಟಾಗ ಉಳಿಯುವುದು ಧಾಟಿಯ ಮಾದರಿ ಮಾತ್ರ, ಕಥನ ಉಳಿಯದು. ಅಂಥ ಕಡೆ ಹಾಡು ಪೂರ್ಣವೋ ಭಾಗವೋ ಎಂಬ ಸೂಚನೆ ಅನಿವಾರ್ಯ.

ಈ ಹಿನ್ನೆಲೆಯಲ್ಲಿ ಗ್ರಂಥಾಲಯಗಳು ಅಗ್ಗದ ಸಂಕಲನಗಳನ್ನು ಹೊದಿಕೆಯ ಸಮೇತ ಸಂಗ್ರಹಿಸಿ, ಕವಿ, ರಾಗಸಂಯೋಜಕ, ಗಾಯಕ, ಮೂಲ ವರ್ಷ ಹಾಗೂ ಮರುಗಾಯನದ ವಿವರಗಳನ್ನು ಪ್ರತಿ ಹಾಡಿಗೂ ಪ್ರತ್ಯೇಕವಾಗಿ ದಾಖಲಿಸುವುದು ಅಗತ್ಯ. ಕಾಂತಸುರುಳಿಯ ಆಯುಷ್ಯ ಪರಿಮಿತವಾದುದು. ಮಳೆ, ತೇವ ಹೆಚ್ಚಿರುವ ಕೊಡಗಿನಂಥ ಪ್ರದೇಶದಲ್ಲಿ ಅದಕ್ಕೆ ಬೂಸಲು ಹಿಡಿಯುವುದು ಬೇಗ. ದನಿಯನ್ನು ಗಣಕೀಕರಿಸಿ ಹೊದಿಕೆಯನ್ನು ಎಸೆದರೆ ಹಾಡು ಉಳಿದೀತು. ಅದು ಯಾರದೆಂಬ ಚರಿತ್ರೆ ಉಳಿಯದು.